ಇನ್ನೆರಡು ಹಾಕೆಂದ ಬೀಗಿತ್ತಿ ಗ್ಲಾಸ್ಗೊಗೆ ಹೋದದ್ದು

ಚಾಮರಾಜಪೇಟೆ

ಗ್ಲಾಸ್ಗೊ ಊರು ಹೇಗಿದೆ ಅಂತ ನನ್ನನ್ನು ಕೇಳಬೇಡಿ. ಒದ್ದೆಯಾಗಿದೆ. ಅಷ್ಟು ಬಿಟ್ಟರೆ ಅಲ್ಲಿನ ಚರ್ಚು, ಸೇತುವೆ, ಮ್ಯೂಸಿಯಂ ಯಾವುದನ್ನೂ ನಾನು ನೋಡಲಿಲ್ಲ. ನೋಡಿ ಬಂದವರು ಬೇಕಾದಷ್ಟು ಫೋಟೋ ಹಾಕಿದ್ದಾರೆ, ಅಲ್ಲಿ ನೋಡಿಕೊಳ್ಳಿ. ನಾನು ವಿಮಾನ ಹತ್ತಿ ಹೋದದ್ದು ಒಂದು ಬೈಗುಳ ಕೇಳುವುದಕ್ಕೆ. ಅದೂ ನನ್ನ ಹೆತ್ತ ತಾಯಿಗೆ ಬೈದ ಬೈಗುಳ.

ನಮ್ಮಣ್ಣನ ಮದುವೆ ಆದದ್ದು ಬಸವನಗುಡಿಯ ಒಂದು ಛತ್ರದಲ್ಲಿ. ಆಗ ನಮ್ಮ ಚಾಮರಾಜಪೇಟೆ ಮನೆಯ ಹಿಂದಿನ ಕೋಣೆಯಲ್ಲಿ ಐಲೀನ್ ಅಂತ ಸ್ಕಾಟ್ಲೆಂಡಿನ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಮನೆಮನೆಯ ಹಾಡು ಸಂಗ್ರಹಿಸುತ್ತೀನಿ ಅಂತ ಬಂದವಳು. ಟ್ರಂಕಿನಷ್ಟು ದೊಡ್ಡ ಟೇಪ್ ರೆಕಾರ್ಡರ್ ಹೊತ್ತುಕೊಂಡು ಮದುವೆಗೂ ಬಂದಳು. ನಾವು ಊಟಕ್ಕೆ ಕೂತಾಗ ಹೆಣ್ಣಿನ ಅಕ್ಕ ಸರೋಜ ಬಡಿಸುತ್ತಾ ಪಂಕ್ತಿಯ ನಡುವೆ ನಿಂತು ಬೀಗರ ಹಾಡು ಶುರು ಮಾಡಿದರು.

ಈಗಿನವರಿಗೆ ಬೀಗರ ಹಾಡು ಅಂದರೆ ಏನು ಅಂತ ಗೊತ್ತಿರುವುದಿಲ್ಲ. ಪಂಕ್ತಿಯಲ್ಲಿ ಕೂತ ಬೀಗರನ್ನು ಹಾಡಿನಲ್ಲೇ ಆಡಿಕೊಳ್ಳುವುದು ಪದ್ಧತಿ. ಹೆಣ್ಣಿನ ಕಡೆಯವರು ಬೈದರೆ ಗಂಡಿನ ಕಡೆಯವರು ಹಾಡಿನಲ್ಲೇ ತಿರುಗಿಸಿ ಕೊಡಬೇಕು, ಇಲ್ಲದಿದ್ದರೆ ಸೋತ ಹಾಗೆ. ಸರೋಜ ನಮ್ಮಮ್ಮನ ಹೊಟ್ಟೆಬಾಕತನದ ಮೇಲೆ ಪದ ಕಟ್ಟಿ ಹಾಡಿದರು. ನಮ್ಮಮ್ಮ! ಸಕ್ಕರೆ ಕಾಯಿಲೆ ಇದ್ದು ಸಿಹಿಯನ್ನು ಹೆದರಿ ಹೆದರಿ ಚೂರು ತಿನ್ನುತ್ತಿದ್ದವಳು. ನಮ್ಮ ಕಡೆ ಹಾಡುವವರು ಯಾರೂ ಇರಲಿಲ್ಲ. ನಾನೇ ರೋಷದಿಂದ ಎದ್ದೆ. ಬಾಯಿ ತೆರೆದರೆ ಕಾಗೆಯ ದನಿ ಬಂತು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸರೋಜ ಬಿಡುತ್ತಾರಾ, ನಿಂತ ನಿಲುವಿನಲ್ಲೇ ನನ್ನ ಮೇಲೂ ಒಂದು ಪದ ಕಟ್ಟಿದರು. ಅಮ್ಮ ಎಲೆ ಮೇಲೆ ತಲೆ ಬಗ್ಗಿಸಿಕೊಂಡು ಎಲ್ಲರ ಜೊತೆ ನಕ್ಕಳು. ಮನೆಗೆ ಬಂದು ಅತ್ತಳು.

ಆಮೇಲೆ ಎಷ್ಟು ಕಾಲ ಹೋಯಿತೋ. ಐಲೀನ್ ಊರಿಗೆ ಹೋದಳು. ನಾನು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಲೆಕ್ಕದ ಪಾಠ ಹೇಳಿ ರಿಟೈರಾದೆ. ಸರೋಜಮ್ಮ ಬಸವನಗುಡಿಯ ಯಾವ ಛತ್ರದಲ್ಲಿ ನೋಡಿದರೂ ಹಾಡುತ್ತಲೇ ಇದ್ದರು, ಗಂಟಲಿನ ಆಪರೇಷನ್ ಆಗುವವರೆಗೆ. ಈಗ ಅವರದು ಬರೀ ಉಸಿರು. ಪಕ್ಕದಲ್ಲಿ ಕೂತರೆ ಮಾತು ಕೇಳಿಸುತ್ತದೆ, ಎದುರಿಗೆ ಕೂತರೆ ಇಲ್ಲ. ಅಷ್ಟು ವರ್ಷ ಊರಿಗೆ ಊರೇ ಕರೆದು ಕರೆದು ಹಾಡಿಸಿಕೊಂಡಿತಲ್ಲ, ಒಬ್ಬ ಪುಣ್ಯಾತ್ಮನೂ ರೆಕಾರ್ಡ್ ಮಾಡಿಟ್ಟುಕೊಳ್ಳಲಿಲ್ಲ. ವಿಡಿಯೋದವರು ಮದುಮಕ್ಕಳ ಮುಖ ಹಿಡಿದು, ಅವರ ದನಿ ಅಳಿಸಿ, ಮೇಲೆ ಸಿನಿಮಾ ಹಾಡು ಅಂಟಿಸಿದರು.

ಹೀಗಿರುವಾಗ ಐಲೀನಳ ಮೊಮ್ಮಗ ಕ್ಯಾಲಮ್‌ನಿಂದ ಕಾಗದ ಬಂತು. ಅವಳು ಸಾಯುವವರೆಗೂ ಪ್ರತಿ ಕ್ರಿಸ್‌ಮಸ್ಸಿಗೆ ನಮಗೆ ಕಾರ್ಡು ಹಾಕುತ್ತಿದ್ದಳು, ಹಾಗಾಗಿ ವಿಳಾಸ ಅವನಿಗೆ ಗೊತ್ತಿತ್ತು. ಅವನದೊಂದು ರಾಕ್ ಬ್ಯಾಂಡಂತೆ. ಅಜ್ಜಿಯ ಅಟ್ಟದಲ್ಲಿ ಆ ಮದುವೆಯ ಟೇಪು ಸಿಕ್ಕಿದೆಯಂತೆ, ಅದನ್ನು ಸೇರಿಸಿ ಹೊಸ ಆಲ್ಬಮ್ ಮಾಡಿದ್ದಾರಂತೆ. ಬಿಡುಗಡೆಯ ದಿನಕ್ಕೆ ಟೇಪಿನ ಡಬ್ಬಿಯ ಮೇಲೆ ಹೆಸರಿರುವ ಸರೋಜ ಮತ್ತು ಜೊತೆಗೊಬ್ಬರು ಬರಲೇಬೇಕಂತೆ, ಖರ್ಚು ಅವರದಂತೆ.

ಸರೋಜಮ್ಮ ನಮ್ಮ ಮನೆಗೆ ಬಂದು ನನ್ನ ಪಕ್ಕ ಒತ್ತಿಕೊಂಡು ಕೂತರು.

"ಬೀಗಿತ್ತಿ, ಬರ್ತೀರಾ ನನ್ ಜೊತೆ?"

"ನಿಮ್ ತಂಗೀನ ಕರ್ಕೊಂಡ್ ಹೋಗ್ರೀ. ನಾನ್ಯಾಕೆ?"

"ಅವಳಿಗೆ ಮಂಡಿ ನೋವು. ಇಂಗ್ಲಿಷೂ ಬರಲ್ಲ. ನಂಗೆ ಊರೇನೂ ನೋಡೋದ್ ಬೇಡ ಕಣ್ರೀ. ಆ ಟೇಪು ಒಂದೇ ಒಂದ್ಸಲ ಪೂರ್ತಿ ಕೇಳ್ಬೇಕು. ನಾನು ಹೆಂಗ್ ಹಾಡ್ತಿದ್ದೆ ಅಂತ ನಂಗೇ ಮರ್ತೋಗಿದೆ. ಪದಾನೂ ಮರ್ತೋಗಿದೆ. ಆಗಿಂದಾಗ್ಲೇ ಕಟ್ತಿದ್ದೆ, ಆಗಿಂದಾಗ್ಲೇ ಬಿಟ್ಬಿಡ್ತಿದ್ದೆ."

"ನಮ್ಮಮ್ಮಂಗೆ ಬೈದಿದ್ದನ್ನ ಕೇಳಕ್ಕೆ ನಾನು ವಿಮಾನ ಬೇರೆ ಹತ್ಬೇಕಾ?" ಅಂದೆ. ಅಂದು, ಬೀರು ತೆಗೆದು ಪಾಸ್‌ಪೋರ್ಟ್ ಹುಡುಕಿದೆ. ಯಾಕೆ ಅಂತ ನನಗೂ ಗೊತ್ತಿಲ್ಲ.

ವಿಮಾನ ಇಳಿದ ಮೇಲೆ

ಹೊರಡುವ ದಿನ ಬೆಳಕು ಹರಿಯುವ ಮೊದಲೇ ಸರೋಜಮ್ಮ ಮಾರ್ಕೆಟ್ಟಿಗೆ ಹೋಗಿ, ಬಸ್ಸು, ತಲೆಹೊರೆಯವರ ನಡುವೆ ನುಗ್ಗಿ, ಕ್ಯಾಲಮ್‌ಗೆ ಅಂತ ಸುಗಂಧರಾಜದ ಹಾರ ತಂದಿದ್ದರು. ಒದ್ದೆ ಬಟ್ಟೆಯಲ್ಲಿ ಸುತ್ತಿ ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಅಷ್ಟು ದೂರ ಕೂತಿದ್ದರು. ಅಲ್ಲಿಳಿದರೆ ಅಧಿಕಾರಿಯೊಬ್ಬ ಕೈಗೆ ಗ್ಲೌಸು ಹಾಕಿಕೊಂಡು ಅದನ್ನು ಹಾವು ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿದ. ಹೂವಿನಲ್ಲಿ ಹುಳ ಇರಬಹುದಂತೆ, ಅವರ ದೇಶದ ಗಿಡಕ್ಕೆ ತೊಂದರೆಯಂತೆ. ನಮ್ಮ ದೇಶಕ್ಕೆ ಇವರು ಬಂದಾಗ ನಾವು ಇಷ್ಟು ವಿಚಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ಹಾರ ಕಸದ ಡಬ್ಬಕ್ಕೆ ಹೋಯಿತು. ಆ ಮಹಾರಾಯ ಬಿಸಾಕುವಾಗ 'ಸಾರಿ' ಅಂದ.

"ಪರವಾಗಿಲ್ಲ ಬಿಡಿ," ಅಂದರು ಸರೋಜಮ್ಮ. ಅವರಿಗೆ ಯಾವಾಗಲೂ ಪರವಾಗಿಲ್ಲ. ಆಡಿಕೊಳ್ಳುವುದು ಹಾಡಿನಲ್ಲಿ ಮಾತ್ರ.

ಹೊರಗೆ ಕ್ಯಾಲಮ್ ಕಾಯುತ್ತಿದ್ದ. ಉದ್ದ ಕೂದಲು, ಅಗಲ ಕಾಲಿನ ಬೆಲ್‌ಬಾಟಮ್ ಪ್ಯಾಂಟು, ಕೊರಳಪಟ್ಟಿ ಹೆಗಲವರೆಗೆ ಚಾಚಿದ ಹೂವಿನ ಶರಟು. ಥೇಟ್ ಇಂಥದೇ ಪ್ಯಾಂಟು ನಮ್ಮಣ್ಣ ಆರತಕ್ಷತೆಗೆ ಹಾಕಿಕೊಂಡಿದ್ದ. ಆಮೇಲೆ ಅದನ್ನು ಅತ್ತಿಗೆ ಪಾತ್ರೆಯವಳಿಗೆ ಹಾಕಿ ಒಂದು ಸ್ಟೀಲಿನ ಡಬ್ಬಿ ತೆಗೆದುಕೊಂಡರು. ಇಲ್ಲಿ ಅಂಥ ಹಳೇ ಬಟ್ಟೆ ಮಾರುವುದಕ್ಕೆಂದೇ ಗಾಜಿನ ಅಂಗಡಿಗಳಿವೆ. ಹೊಸದಕ್ಕಿಂತ ಹಳೆಯದಕ್ಕೆ ಬೆಲೆ ಜಾಸ್ತಿ. ಅವರಜ್ಜಿ ನಮ್ಮ ಹಾಡು ಹೊತ್ತುಕೊಂಡು ಹೋದಳು, ಜೊತೆಗೆ ನಮ್ಮ ಪಾತ್ರೆಯವಳನ್ನೂ ಕರೆದುಕೊಂಡು ಹೋಗಿದ್ದರೆ ಆ ಹೆಂಗಸು ಇಷ್ಟು ಹೊತ್ತಿಗೆ ಬಂಗಲೆ ಕಟ್ಟಿಸಿರುತ್ತಿದ್ದಳು.

ಗ್ಲಾಸ್ಗೊ, ಮೊದಲ ದಿನ

ಜೂನ್ ತಿಂಗಳು. ಬೇಸಗೆ ಅಂತ ಅವರು ಅಂದುಕೊಂಡಿದ್ದಾರೆ. ತುಂತುರು ಬೀಳುತ್ತಿದ್ದರೂ ಜನ ತೋಳಿಲ್ಲದ ಅಂಗಿ ತೊಟ್ಟು ಹುಲ್ಲಿನ ಮೇಲೆ ಮಲಗಿ 'ಎಷ್ಟು ಒಳ್ಳೇ ದಿನ' ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಾನು ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಇನ್ನೊಂದು ಶಾಲು. ಸೂರ್ಯ ಮುಳುಗುವ ಮಾತೇ ಇಲ್ಲ. ಸರೋಜಮ್ಮ ಕಿಟಕಿ ಹತ್ತಿರ ಹೋಗಿ ಹೋಗಿ ನೋಡುತ್ತಾರೆ, "ದೀಪ ಹಚ್ಚೋದು ಯಾವಾಗ್ರೀ?" ಅಂತ ಕೇಳುತ್ತಾರೆ. ಕತ್ತಲೆಯಾಗದ ಊರಲ್ಲಿ ದೇವರಿಗೆ ದೀಪ ಯಾಕೆ ಬೇಕು, ಮಲಗಿ ಅಂದೆ.

ಹಾಲು ತರಲು ಅಂಗಡಿಗೆ ಹೋದರೆ ಅಂಗಡಿಯವಳು ನನ್ನನ್ನು 'ಹೆನ್' ಅಂದಳು. ಅಂದರೆ ಹೇಂಟೆ. ನಾನು ನೆಟ್ಟಗೆ ನಿಂತು ಅವಳನ್ನೇ ನೋಡಿದೆ. ಮಕ್ಕಳು ಲೆಕ್ಕ ತಪ್ಪಿದಾಗ ನೋಡುತ್ತಿದ್ದ ನೋಟ. ಅವಳು ನಗುತ್ತಾ ಚಿಲ್ಲರೆ ಕೊಟ್ಟು 'ಬಾಯ್ ಹೆನ್' ಅಂತ ಇನ್ನೊಂದು ಸಲ ಅಂದಳು. ಇಲ್ಲಿ ಹೆಂಗಸರನ್ನು ಪ್ರೀತಿಯಿಂದ ಕರೆಯುವುದೇ ಹಾಗೆ ಅಂತ ಕ್ಯಾಲಮ್ ಹೇಳಿದ. ಪ್ರೀತಿ ಇದ್ದರೆ ಅಮ್ಮಾ ಅನ್ನಲಿ, ಕೋಳಿಗೂಡಿಗೆ ಯಾಕೆ ತಳ್ಳಬೇಕು?

ಬಸ್ಸು ಇನ್ನೊಂದು ಕಥೆ. ಬರುತ್ತೀನಿ ಅಂದ ಹೊತ್ತಿಗೆ ಸರಿಯಾಗಿ ಬರುತ್ತದೆ. ಓಡಬೇಕಿಲ್ಲ, ನೂಕಬೇಕಿಲ್ಲ, ಕಂಡಕ್ಟರ್ ಜೊತೆ ಜಗಳವಿಲ್ಲ, ಕಂಡಕ್ಟರೇ ಇಲ್ಲ. ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಇಷ್ಟು ಸಪ್ಪೆ ಪ್ರಯಾಣ ನಾನು ಜನ್ಮದಲ್ಲಿ ಮಾಡಿಲ್ಲ. ಸ್ಟಾಪಿನಲ್ಲಿ ಇಬ್ಬರೇ ಇದ್ದರೂ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ನಾನೂ ಸರೋಜಮ್ಮನೂ ಪಕ್ಕಪಕ್ಕ ನಿಂತದ್ದಕ್ಕೆ ಒಬ್ಬ ಮುದುಕ ಗಲಿಬಿಲಿಯಾಗಿ ಯಾರ ಹಿಂದೆ ನಿಲ್ಲಬೇಕು ಅಂತ ಕೇಳಿದ.

ಕ್ಯಾಲಮ್‌ನ ಗ್ಯಾರೇಜು

ಮಾರನೇ ದಿನ ಅವನು ತನ್ನ ಗ್ಯಾರೇಜಿಗೆ ಕರೆದುಕೊಂಡು ಹೋದ. ಕಾರಿಲ್ಲ, ಬರೀ ಹಳೇ ಸಾಮಾನು. ಹಳೇ ಆರ್ಗನ್ನು, ಹಳೇ ಮೈಕು, ನಮ್ಮ ರಾಮನವಮಿ ಪೆಂಡಾಲಿನಲ್ಲಿ ಗುಂಯ್ ಅಂತಿದ್ದಂಥ ಆಂಪ್ಲಿಫೈಯರು. ಅದು ಗುಂಯ್ ಅಂದರೆ ನಾವು ಮೈಕ್‌ಸೆಟ್ಟಿನವನ ಜನ್ಮ ಜಾಲಾಡುತ್ತಿದ್ದೆವು. ಇವರು ಆ ಗುಂಯ್‌ಗೋಸ್ಕರವೇ ಅದನ್ನು ಹುಡುಕಿ ಕೊಂಡುಕೊಂಡಿದ್ದಾರೆ. ಈಗಿನ ಯಂತ್ರಗಳಲ್ಲಿ ದನಿ ತುಂಬಾ ಶುಭ್ರವಾಗಿಬಿಡುತ್ತದಂತೆ, ಅದರಲ್ಲಿ ಆತ್ಮ ಇರುವುದಿಲ್ಲವಂತೆ. ಮೂವತ್ತು ತುಂಬದ ಹುಡುಗರಿಗೆ ತಾವು ಹುಟ್ಟುವ ಮುಂಚಿನ ಕಾಲದ ಮೇಲೆ ಇಷ್ಟು ಹಂಬಲ ಯಾಕೋ.

ಆಲ್ಬಮ್ ತೋರಿಸಿದ. ಹೆಸರು 'ಸ್ಯಾಫ್ರನ್ ಸ್ಲೀಪ್', ಕೇಸರಿ ನಿದ್ದೆ. ಮುಖಪುಟದ ಮೇಲೆ ನೇರಳೆ ಬಣ್ಣದ ಆನೆ, ಆನೆಯ ಕಿವಿಯಲ್ಲಿ ಕಣ್ಣು, ಕಣ್ಣಿನಿಂದ ಹೊರಟ ಕಿತ್ತಳೆ ಸುರುಳಿ, ಸುರುಳಿಯೊಳಗೆ ಕಮಲ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಯಾರೂ ಆರಿಸದೆ ಮೂಲೆಗೆ ಬಿದ್ದಿರುವ ಸ್ಯಾಂಪಲ್ ಕಾರ್ಡು ಹೀಗೇ ಇರುತ್ತದೆ. ಅದರ ಮೇಲೆ ಕೂಡ ಆನೆಗೆ ಕಿವಿಯಲ್ಲಿ ಕಣ್ಣಿಟ್ಟಿರುವುದಿಲ್ಲ.

ಸರೋಜಮ್ಮನ ದನಿ ಇರುವ ಹಾಡಿಗೆ 'ನದಿಯ ಪ್ರಾರ್ಥನೆ' ಅಂತ ಹೆಸರಿಟ್ಟಿದ್ದರು. ರೆಕಾರ್ಡಿನ ಮೇಲೆ ಮುಳ್ಳು ಇಟ್ಟ. ಮೊದಲು ಗಿಟಾರು, ನೀರಿನೊಳಗೆ ಮುಳುಗಿಸಿ ಬಾರಿಸಿದ ಹಾಗೆ. ಆಮೇಲೆ ಆರ್ಗನ್ನು. ಆಮೇಲೆ ಸಿತಾರು, ಅದನ್ನು ಬಾರಿಸಿದ ಹುಡುಗಿ ಶ್ರುತಿ ಮಾಡುವುದನ್ನು ಇನ್ನೂ ಕಲಿಯಬೇಕಿತ್ತು. ಡ್ರಮ್ಮಿನವನೊಬ್ಬನ ಕೈ ಮಾತ್ರ ಪಳಗಿತ್ತು, ಸುಳ್ಳು ಹೇಳಬಾರದು. ಎಲ್ಲದರ ಮೇಲೆ ಗುಹೆಯೊಳಗಿಂದ ಬಂದ ಹಾಗೆ, ಎಳೆದೆಳೆದು, ಒಂದು ಹೆಣ್ಣು ದನಿ.

"ಇನ್ನೆರಡು ಹಾಕೆಂದು... ಇನ್ನೆರಡು ಹಾಕೆಂದು... ಇನ್ನೆರಡು ಹಾಕೆಂದು..."

ಅಷ್ಟೇ. ಹಾಡು ಮುಗಿಯುವವರೆಗೂ ಅಷ್ಟೇ. ಹೋಳಿಗೆಗೆ ಬಾಯಿ ಬಿಟ್ಟುಕೊಂಡು ನಮ್ಮಮ್ಮ ಕೂಗಿದಳು ಅಂತ ಸರೋಜಮ್ಮ ಕಟ್ಟಿದ ಅರ್ಧ ಸಾಲು. ಕ್ಯಾಲಮ್ ಕಣ್ಣು ಮುಚ್ಚಿಕೊಂಡು ಕೈ ಎದೆ ಮೇಲಿಟ್ಟುಕೊಂಡಿದ್ದ. ಸರೋಜಮ್ಮ ಕಿವಿಯನ್ನು ಸ್ಪೀಕರಿನ ಡಬ್ಬಕ್ಕೆ ಆನಿಸಿಕೊಂಡು ಕೂತಿದ್ದರು. ಮುಗಿದ ಮೇಲೆ ನನ್ನ ಕೈ ಹಿಡಿದು, "ಇದು ನಾನೇನಾ?" ಅಂದರು. "ನಂಗೆ ಗೊತ್ತಾಗ್ತಿಲ್ಲ. ಪೂರ್ತಿ ಟೇಪು ಹಾಕಕ್ಕೆ ಹೇಳ್ರೀ."

ಹೇಳಿದೆ. ಅವನ ಮುಖ ಅರಳಿತು. ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಎರಡು ಮೊಳೆಗೆ ಸುತ್ತಿ, ತುದಿಗೆ ತುದಿ ಅಂಟಿಸಿದ ಕಂದು ಬಣ್ಣದ ರಿಬ್ಬನ್ನಿನ ಬಳೆಯೊಂದು ನೇತಾಡುತ್ತಿತ್ತು.

"ನಿಜವಾದ ಟೇಪನ್ನೇ ಕತ್ತರಿಸಿ ಮಾಡಿದ್ದು," ಅಂದ. "ಹಿಂದಿನವರು ಹೀಗೇ ಮಾಡುತ್ತಿದ್ದರು. ನಾವೂ ಬಳೆ ಮಾಡಿ, ಅದೇ ಸಾಲು ಸುತ್ತಿ ಸುತ್ತಿ ಬರಲಿ ಅಂತ ಪೊರಕೆ ಕಡ್ಡಿಗೆ ಸುತ್ತಿ ಯಂತ್ರದಲ್ಲಿ ಓಡಿಸಿದೆವು. ಅದಕ್ಕೇ ಅದು ಇಷ್ಟು ಜೀವಂತವಾಗಿದೆ."

"ಮಿಕ್ಕಿದ್ದು?"

"ಕೆಲವು ತುಂಡು ತಿರುಗಾಮುರುಗಾ ಮಾಡಿ ಬೇರೆ ಹಾಡಿಗೆ ಹಾಕಿದೆವು. ಹಳೇ ಟೇಪಲ್ಲವಾ, ಮಿಕ್ಕಿದ್ದು ಪುಡಿಯಾಗಿ ಹೋಯಿತು."

"ಕತ್ತರಿಸೋ ಮುಂಚೆ ಕಂಪ್ಯೂಟರಿಗೆ ಹಾಕ್ಕೊಳ್ಳಲಿಲ್ವೇನಯ್ಯಾ?"

"ಹಾಕಿಕೊಂಡಿದ್ದರೆ ಅದು ಮೋಸ ಆಗುತ್ತಿತ್ತು," ಅಂದ. ಎಷ್ಟು ಶ್ರದ್ಧೆಯಿಂದ ಅಂದ ಅಂದರೆ, ನನ್ನ ಕೈ ತುರಿಸಿತು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಇವನಿದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ, ಇಳಿಸುತ್ತಿರಲಿಲ್ಲ. ಹಳೆಯದರ ಮೇಲೆ ಪ್ರಾಣ ಅನ್ನುವ ಇವನು, ಇದ್ದ ಒಂದೇ ಒಂದು ಹಳೆಯದನ್ನು ಕತ್ತರಿಯಲ್ಲಿ ಕಚಕ್ ಅನ್ನಿಸಿದ್ದಾನೆ!

ಸರೋಜಮ್ಮನಿಗೆ ನಾನು ಹೇಳಬೇಕಾಗಲಿಲ್ಲ. ಆ ಬಳೆಯನ್ನು ನೋಡಿಯೇ ಅವರಿಗೆ ಗೊತ್ತಾಗಿತ್ತು. ಎದ್ದು ಹೋಗಿ ಒಂದು ಬೆರಳಲ್ಲಿ ಮುಟ್ಟಿದರು, ಅಷ್ಟೇ. ಆಮೇಲೆ ಕ್ಯಾಲಮ್‌ನ ಕೆನ್ನೆ ಸವರಿ, "ಪರವಾಗಿಲ್ಲ ಬಿಡಪ್ಪ" ಅಂದರು. ಅವನಿಗೆ ಅದೂ ಆಶೀರ್ವಾದದ ಮಂತ್ರದ ಹಾಗೆ ಕೇಳಿಸಿರಬೇಕು. ಬಗ್ಗಿ ಕಾಲಿಗೆ ಬಿದ್ದ.

ರಾತ್ರಿ ಸರೋಜಮ್ಮನಿಗೆ, ಕಟ್ಟಿಕೊಂಡು ಬಂದಿದ್ದ ಅವಲಕ್ಕಿಗೆ ಮೊಸರು ಕಲಸಿಕೊಟ್ಟರೆ ಎರಡು ತುತ್ತು ತಿಂದು ತಟ್ಟೆ ಸರಿಸಿದರು.

ಬಿಡುಗಡೆ

ಮೂರನೇ ದಿನದ ಸಾಯಂಕಾಲ ಕಾರ್ಯಕ್ರಮ. ಹಾಲಿನಲ್ಲಿ ಕುರ್ಚಿ ಇಲ್ಲ. ದುಡ್ಡು ಕೊಟ್ಟು ಬಂದು ನಿಂತುಕೊಂಡೇ ಕೇಳುತ್ತಾರೆ. ನಮ್ಮಿಬ್ಬರಿಗೆ ಮಾತ್ರ ಎಲ್ಲಿಂದಲೋ ಎರಡು ಸ್ಟೂಲು ತಂದು ಹಾಕಿದರು. ಗೋಡೆ ಮೇಲೆ ಬಣ್ಣಬಣ್ಣದ ಎಣ್ಣೆ ಕಲಸಿದ ಹಾಗೆ ಬೆಳಕು ಬಿಟ್ಟಿದ್ದರು, ಗುಳ್ಳೆಗಳು ಉಬ್ಬಿ ಒಡೆಯುತ್ತಿದ್ದವು. ಊದುಬತ್ತಿ ಬೇರೆ. ನಮ್ಮಲ್ಲಿ ಶೌಚಾಲಯಕ್ಕೆ ಹಚ್ಚಿಡುವ ವಾಸನೆಯದ್ದು.

ಕ್ಯಾಲಮ್ ಮೈಕಿನಲ್ಲಿ, ಇದು ಸಾವಿರಾರು ವರ್ಷದ ಹಿಂದಿನ ಪ್ರಾರ್ಥನೆ, ನದಿ ದೇವತೆಗೆ ಹೆಂಗಸರು ಹೇಳುವುದು, ಅದನ್ನು ಹಾಡಿದ ತಾಯಿ ಇಲ್ಲೇ ಇದ್ದಾರೆ ಅಂದ. ಬೆಳಕು ನಮ್ಮ ಮೇಲೆ ಬಿತ್ತು. ಸರೋಜಮ್ಮ ಎದ್ದು ಕೈ ಮುಗಿದರು. ಜನ ಕೂಗಿದರು. ಆಮೇಲೆ ಶುರುವಾಯಿತು. ಇನ್ನೆರಡು ಹಾಕೆಂದು, ಇನ್ನೆರಡು ಹಾಕೆಂದು. ಇಡೀ ಸಭೆ ಕಣ್ಣು ಮುಚ್ಚಿ ತೂಗಾಡಿತು. ನನ್ನ ಮುಂದಿದ್ದ ಒಬ್ಬಳು ಹುಡುಗಿ ಅಳುತ್ತಿದ್ದಳು. ಅಲ್ಲಮ್ಮಾ, ಹೋಳಿಗೆಗೆ ಯಾರಾದರೂ ಹೀಗೆ ಅಳುತ್ತಾರಾ?

ಹಾಡು ಮುಗಿದ ಮೇಲೆ ಕ್ಯಾಲಮ್ ಬೆವರು ಒರೆಸಿಕೊಂಡು ಬಂದು, ಈ ಸಾಲಿನ ಅರ್ಥವೇನು, ಒಂದು ಸಲ ಹೇಳಿ ಅಂತ ನನ್ನನ್ನು ಕೇಳಿದ. ಆಲ್ಬಮ್ ಅಚ್ಚಾಗಿ ಮಾರಾಟವಾಗುತ್ತಿರುವಾಗ ಅರ್ಥ ಕೇಳುವ ಬುದ್ಧಿ ಬಂತು.

"ಊಟಕ್ಕೆ ಕೂತ ಹೆಂಗಸೊಬ್ಬಳು ಇನ್ನೂ ಎರಡು ಬಡಿಸು ಅಂತ ಕೂಗ್ತಿದಾಳೆ. ಆ ಹೆಂಗಸು ನಮ್ಮಮ್ಮ. ಇದು ಪ್ರಾರ್ಥನೆ ಅಲ್ಲ, ಬೀಗರನ್ನ ಆಡಿಕೊಳ್ಳೋ ಹಾಡು," ಅಂದೆ, ಸ್ಪಷ್ಟವಾದ ಇಂಗ್ಲಿಷಿನಲ್ಲಿ.

ಅವನು ಕಣ್ಣರಳಿಸಿ ನಿಂತ. "ಓ," ಅಂದ. "ಅಂದರೆ ಸಮೃದ್ಧಿ!"

ಸರೋಜಮ್ಮನ ಕೈ ಹಿಡಿದು, ಬನ್ನಿ ಹೋಗೋಣ ಅಂದೆ.

ಬಸ್ ಸ್ಟಾಪು

ಹೊರಗೆ ಇನ್ನೂ ಬೆಳಕಿತ್ತು. ತುಂತುರು ಬೀಳುತ್ತಿತ್ತು. ಸ್ಟಾಪಿನ ಬೆಂಚಿನ ಮೇಲೆ ಕೂತೆವು. ನಮ್ಮ ಹಿಂದೆ ಮೂರು ಜನ ಸಾಲಾಗಿ ನಿಂತಿದ್ದರು, ಮಾತಿಲ್ಲ ಕಥೆಯಿಲ್ಲ.

"ಅಷ್ಟು ದೂರ ಬಂದ್ವಿ," ಅಂದರು ಸರೋಜಮ್ಮ. ನಾನು ಪಕ್ಕದಲ್ಲೇ ಇದ್ದದ್ದರಿಂದ ಕೇಳಿಸಿತು. "ಅದರ ಮುಂದೇನಿತ್ತು ಅಂತ್ಲೂ ಗೊತ್ತಾಗ್ಲಿಲ್ಲ. ಹೋಯ್ತು ಬಿಡಿ. ನಾನೂ ಒಂದಿನ ಹಾಡ್ತಿದ್ದೆ ಅಂತ ಹೇಳಕ್ಕೂ ಏನೂ ಉಳೀಲಿಲ್ಲ." ಅವರ ಕಣ್ಣಲ್ಲಿ ನೀರಿತ್ತು. ಅವರು ಅತ್ತದ್ದನ್ನು ನಾನು ಅವರ ತಾಯಿ ಹೋದಾಗಲೂ ನೋಡಿರಲಿಲ್ಲ.

ನನಗೆ ರೇಗಿಹೋಯಿತು. ಕ್ಯಾಲಮ್ ಮೇಲೆ, ಕತ್ತರಿ ಮೇಲೆ, ಆ ಆನೆ ಮೇಲೆ. "ಏನೂ ಉಳೀಲಿಲ್ಲ ಅಂತ ಯಾರ್ರೀ ಹೇಳಿದ್ದು?" ಅಂದೆ. "ನೀವು ಮರ್ತಿರಿ. ಬೈದೋರು ಮರೀತಾರೆ. ಬೈಸ್ಕೊಂಡೋಳು ನಾನಿಲ್ಲಿ ಕೂತಿಲ್ವಾ? ನಿಮ್ ಒಂದೊಂದ್ ಪದಾನೂ ಇಷ್ಟು ವರ್ಷ ಹಲ್ಲು ಕಡ್ಕೊಂಡು ಇಟ್ಕೊಂಡಿದೀನಿ. ಕೇಳಿ."

ಹಾಡಿದೆ. ನನ್ನ ಕಾಗೆ ದನಿಯಲ್ಲೇ, ಸರೋಜಮ್ಮ ಅವತ್ತು ಎಲ್ಲಿ ಏರಿಸಿದ್ದರೋ ಅಲ್ಲಿ ಏರಿಸಿ, ಎಲ್ಲಿ ಎಳೆದಿದ್ದರೋ ಅಲ್ಲಿ ಎಳೆದು.

ಹನ್ನೆರಡು ಹೋಳಿಗೆ ಹಂಗೇನೆ ನುಂಗ್ಯಾಳೆ
ಇನ್ನೆರಡು ಹಾಕೆಂದು ಕೂಗ್ಯಾಳೆ, ನಮ ಬೀಗಿತ್ತಿ
ಬೆನ್ನ ಹಿಂದೆರಡ ಬಚ್ಚಿಟ್ಟು

ತುಪ್ಪದ ಗಿಂಡೀಯ ತುಟಿಗಿಟ್ಟು ಹೀರ್ಯಾಳೆ
ಸಪ್ಪೆಂದು ಮೂಗ ಮುರಿದಾಳೆ, ನಮ ಬೀಗಿತ್ತಿ
ಉಪ್ಪಿನಕಾಯ್ ಭರಣಿ ನೆಕ್ಕ್ಯಾಳೆ

ಸರೋಜಮ್ಮನ ತುಟಿ ಅಲ್ಲಾಡತೊಡಗಿತು. ದನಿಯಿಲ್ಲ, ಬರೀ ಉಸಿರು. ಆದರೆ ಪದ ನನಗಿಂತ ಒಂದು ಕೂದಲೆಳೆ ಮುಂದೆ ಬರುತ್ತಿತ್ತು. ಕೈ ನನ್ನ ಮಂಡಿ ಮೇಲೆ ತಾಳ ಹಾಕುತ್ತಿತ್ತು. ನಾನು ತಾಳ ತಪ್ಪಿದಲ್ಲಿ ಜೋರಾಗಿ ಒಂದು ಏಟು ಕೊಟ್ಟರು. ಮೂರನೆಯದು ನನ್ನ ಮೇಲೆ ಕಟ್ಟಿದ್ದು. ಬಿಡಲಿಲ್ಲ, ಅದನ್ನೂ ಹಾಡಿದೆ.

ಕೂಗ್ಯಾಳೆ ಮಗಳೆದ್ದು ಕಂಬಗಳು ನಡುಗೋಹಂಗೆ
ಕಾಗೆಗಳು ನಾಚಿ ಹಾರ್ಯಾವೆ, ನಮ ಬೀಗಿತ್ತಿ
ಹೋಗಲಿ ಬಿಡೆ ಮಗಳೆ ಉಣ್ಣೆಂದ್ಲು

ಸರೋಜಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗುವಿಗೂ ದನಿಯಿಲ್ಲ, ಮೈಯೆಲ್ಲ ಅಲ್ಲಾಡುತ್ತಿತ್ತು. ಸಾಲಿನಲ್ಲಿ ನಿಂತಿದ್ದ ಮುದುಕಿಯೊಬ್ಬಳು ಬಗ್ಗಿ, "ಪ್ರಾರ್ಥನೆ ತುಂಬಾ ಚೆನ್ನಾಗಿತ್ತು, ಹೆನ್" ಅಂದಳು. ಥ್ಯಾಂಕ್ಸ್ ಅಂದೆ. ಇನ್ನೇನು ಮಾಡಲಿ?

"ಇಷ್ಟೂ ನೆನಪಿಟ್ಕೊಂಡಿದೀರಲ್ರೀ," ಅಂದರು ಸರೋಜಮ್ಮ, ಕಣ್ಣೊರೆಸಿಕೊಳ್ಳುತ್ತಾ.

"ಮತ್ತೆ? ಹನ್ನೆರಡಂತೆ ಹನ್ನೆರಡು! ನಮ್ಮಮ್ಮ ಎರಡಕ್ಕಿಂತ ಜಾಸ್ತಿ ತಿಂದೋಳೇ ಅಲ್ಲ."

"ಎರಡೂ ತಿನ್ಲಿಲ್ಲ," ಅಂದರು. "ಬಡಿಸ್ದೋಳು ನಾನೇ ಅಲ್ವಾ. ಎರಡು ಹಾಕಿದ್ದೆ. ಒಂದು ತಿಂದ್ರು. ನೀವು ಹಾಡಕ್ಕಾಗ್ದೆ ಮುಖ ಸಣ್ಣಗೆ ಮಾಡ್ಕೊಂಡು ಕೂತ್ರಲ್ಲ, ಆಗ ಇನ್ನೊಂದನ್ನ ತೆಗೆದು ನಿಮ್ ಎಲೆಗೆ ಹಾಕಿದ್ರು. ನೀವು ತಲೆ ಎತ್ತಲಿಲ್ಲ. ನಾನು ನೋಡ್ದೆ."

ಆ ಹೋಳಿಗೆ ತಿಂದೆನೋ, ಎಲೆಯಲ್ಲೇ ಬಿಟ್ಟು ಎದ್ದೆನೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬೈಗುಳ ಮಾತ್ರ ಅಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದೆ. ಅಳು ಬಂತು, ಅತ್ತುಬಿಟ್ಟೆ, ಆ ಸಾಲಿನವರ ಮುಂದೆ.

ಬಸ್ಸು ಹೇಳಿದ ಹೊತ್ತಿಗೆ ಸರಿಯಾಗಿ ಬಂತು. ಸಾಲಿನವರು ನಾವು ಮೊದಲು ಹತ್ತಲಿ ಅಂತ ಕಾದರು. ನಾನು ಏಳಲು ಹೋದರೆ ಸರೋಜಮ್ಮ ಸೆರಗು ಹಿಡಿದೆಳೆದು ಮತ್ತೆ ಬೆಂಚಿನ ಮೇಲೇ ಕೂರಿಸಿದರು.

"ಇನ್ನೊಂದ್ಸಲ ಹೇಳಿ ಬೀಗಿತ್ತಿ. ಮೊದಲಿಂದ."

ಹೋಗಪ್ಪ ಅಂತ ಡ್ರೈವರಿಗೆ ಕೈ ಮಾಡಿದೆ.